ಮರು: ಫ್ರೀ ಡೌನ್‌ಲೋಡ್ ಕೊಟ್ಟರೆ ಸಿಡಿ ಮಾರಾಟ ಬೀಳುತ್ತಾ?

ನಮಸ್ಕಾರ ಸರ್. ನಿಮ್ಮ ಭಜನಾ ತಂಡದ ತತ್ವಪದಗಳನ್ನು ಫ್ರೀ ಡೌನ್‌ಲೋಡ್‌ಗೆ ಬಿಟ್ಟರೆ ಸಿಡಿ ಮಾರಾಟ ಬೀಳುತ್ತಾ ಅಂತ ಕೇಳಿದ್ದೀರಿ. ಅದು ಯಾವಾಗಲೋ ಬಿದ್ದಿದೆ ಅಲ್ವಾ? ಹೊರದೇಶದಲ್ಲಿ 1999ರಲ್ಲಿ ಬಂದ, ಇಂಟರ್‌ನೆಟ್‌ನಲ್ಲಿ ಹಾಡು ಫ್ರೀಯಾಗಿ ಹಂಚಿಕೊಳ್ಳುವ ನ್ಯಾಪ್‌ಸ್ಟರ್‌ನಿಂದ ಶುರುವಾಯಿತು, ನಮ್ಮ ಕೊಪ್ಪಳದಲ್ಲಿ ಮೊಬೈಲ್ ಅಂಗಡಿಗಳಿಂದ. ಬಸ್ ಸ್ಟ್ಯಾಂಡ್ ಹತ್ತಿರ ಮೆಮೊರಿ ಕಾರ್ಡ್ ಕೊಟ್ಟು ಚಹಾ ಕುಡಿದು ಬರೋಷ್ಟರಲ್ಲಿ ನೂರಾರು ಹಾಡು ತುಂಬಿರುತ್ತಿದ್ದವು. ಹಾಡಿದವರಿಗೆ ಒಂದು ಪೈಸೆಯೂ ಹೋಗುತ್ತಿರಲಿಲ್ಲ. ನೆನೆದರೆ ಈಗಲೂ ಬೇಜಾರಾಗುತ್ತದೆ.

ಎರಡು ತತ್ವಪದ ಫ್ರೀ ಬಿಡಿ, ಎಲ್ಲವೂ ಬೇಡ. ಫೈಲ್ ಹೆಸರಲ್ಲೇ ತಂಡದ ಹೆಸರು, ಫೋನ್ ನಂಬರ್ ಇರಲಿ. ಜಾತ್ರೆಗೆ ಕರೆಯೋರು ಅದನ್ನು ನೋಡಿಯೇ ಫೋನ್ ಮಾಡುತ್ತಾರೆ. ಯಾರಾದರೂ ಒಂದೇ ಸಲ ದುಡ್ಡು ಕೊಟ್ಟು ಎಲ್ಲ ಹಕ್ಕು ಬರೆಸಿಕೊಳ್ಳಲು ಬಂದರೆ ಸುಮ್ನೆ ಸಹಿ ಹಾಕಬೇಡಿ. 2012ರ ಕಾಪಿರೈಟ್ ತಿದ್ದುಪಡಿ ಪ್ರಕಾರ, ಹಾಡನ್ನು ವ್ಯಾಪಾರಕ್ಕೆ ಬಳಸಿದರೆ ಹಾಡಿದವರಿಗೂ ರಾಯಲ್ಟಿ, ಅಂದರೆ ಬಳಕೆಯ ದುಡ್ಡಿನಲ್ಲಿ ಪಾಲು, ಬರಬೇಕು.