ಕೇಳೋದು, ನೋಡೋದು: ಜಾಝ್, ಸಿನಿಮಾ, ಮನೆ ಸೌಂಡ್ ಸಿಸ್ಟಂ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ (ಓದುಗರು, ದಾವಣಗೆರೆ): ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕೇಳ್ತಾ ಬೆಳೆದವ್ನು ನಾನು. ಜಾಝ್ ಕೇಳ್ಬೇಕು ಅಂತ ತುಂಬಾ ಆಸೆ, ಆದ್ರೆ ಹಾಕಿದ ತಕ್ಷಣ ಎಲ್ಲರೂ ಒಟ್ಟೊಟ್ಟಿಗೆ ಏನೋ ನುಡಿಸ್ತಿದಾರೆ ಅನ್ಸುತ್ತೆ, ಎಲ್ಲಿ ಹಿಡ್ಕೋಬೇಕೋ ಗೊತ್ತಾಗಲ್ಲ. ಯಾವ ರೆಕಾರ್ಡಿಂಗ್‌ನಿಂದ ಶುರು ಮಾಡ್ಲಿ ಸಾರ್?

ಉತ್ತರ: ಬೇಸ್ ಹಿಡ್ಕೊಳ್ಳಿ. ಸ್ಯಾಕ್ಸೋಫೋನು, ಟ್ರಂಪೆಟ್ಟು ಎಲ್ಲಿಗೆ ಬೇಕಾದ್ರೂ ಹೋಗ್ಲಿ, ಕೆಳಗಡೆ ಆ ದೊಡ್ಡ ತಂತಿವಾದ್ಯ ಒಂದೊಂದೇ ಹೆಜ್ಜೆ ಇಟ್ಕೊಂಡು ನಡೀತಾ ಇರುತ್ತೆ, ಅದನ್ನ ಕಿವಿ ಬಿಡದೇ ಇದ್ರೆ ಮಿಕ್ಕಿದ್ದೆಲ್ಲ ತಾನಾಗೇ ಜಾಗಕ್ಕೆ ಬಂದು ಕೂರುತ್ತೆ. ಶುರು ಮಾಡೋಕೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ'. 1959ರ ಮಾರ್ಚ್ 2 ಮತ್ತು ಏಪ್ರಿಲ್ 22, ಎರಡೇ ದಿನದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಂಪನಿಯ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿದ್ದು, ಆ ಸ್ಟುಡಿಯೋ ಮೊದಲು ಚರ್ಚ್ ಆಗಿತ್ತು, ಎತ್ತರದ ಛಾವಣಿ, ಆ ಗಾಳಿ ರೆಕಾರ್ಡಲ್ಲಿ ಈಗಲೂ ಕೇಳ್ಸುತ್ತೆ.

ಅದರ ಮೊದಲನೇ ಹಾಡು 'ಸೋ ವಾಟ್' ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು, ಯಾಕಂದ್ರೆ ಅದರ ಸ್ವರಸ್ಥಾನ ನೋಡಿದ್ರೆ ನಮ್ಮ ಖರಹರಪ್ರಿಯದ್ದೇ, ಗಮಕ ಮಾತ್ರ ಇಲ್ಲ. ನಾಲ್ಕು ಎಣಿಕೆಗೆ ಒಂದು ಬಾರ್ ಅಂತ ಲೆಕ್ಕ ಇಟ್ಕೊಳ್ಳಿ. ಮೊದಲ 16 ಬಾರ್ ಒಂದು ಶ್ರುತಿಯಲ್ಲಿ, ಆಮೇಲೆ 8 ಬಾರ್ ಶ್ರುತೀನೇ ಅರ್ಧ ಸ್ವರ ಮೇಲಕ್ಕೆ ಜರುಗುತ್ತೆ, ಹಾರ್ಮೋನಿಯಂನಲ್ಲಿ ಪಕ್ಕದ ಕೀಯನ್ನೇ ಷಡ್ಜ ಮಾಡ್ಕೊಂಡ ಹಾಗೆ, ಮತ್ತೆ 8 ಬಾರ್ ವಾಪಸ್ ಮೊದಲಿನ ಶ್ರುತಿಗೆ. ಒಟ್ಟು 32. ಇದು ಮುಗೀತು ಅಂದ್ರೆ ಮತ್ತೆ ಮೊದಲಿಂದ, ಹಾಡು ಪೂರ್ತಿ ಇಷ್ಟೇ. ಶುರುವಲ್ಲಿ ರಾಗ ಹೇಳೋದು ಬೇಸ್ ನುಡಿಸೋ ಪಾಲ್ ಚೇಂಬರ್ಸ್, ಮಿಕ್ಕವರು ಉತ್ತರ ಕೊಡ್ತಾರೆ. ಆಮೇಲೆ ಮೈಲ್ಸ್, ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆಡರ್ಲಿ, ಪಿಯಾನೋದ ಬಿಲ್ ಇವಾನ್ಸ್, ಈ ಕ್ರಮದಲ್ಲಿ ಒಬ್ಬೊಬ್ಬರೇ ಮನೋಧರ್ಮ, ಅಂದ್ರೆ ಆಶುವಾಗಿ ನುಡಿಸೋ ಕಲೆ, ತೋರಿಸ್ತಾರೆ. ತೊಡೆ ಮೇಲೆ ತಾಳ ಹಾಕ್ಕೊಂಡು ಕೇಳಿ, ಮೈಲ್ಸ್ ಎಷ್ಟು ಕಮ್ಮಿ ಸ್ವರ ಖರ್ಚು ಮಾಡ್ತಾರೆ ಅನ್ನೋದು ಗೊತ್ತಾಗುತ್ತೆ, ಮೌನ ಬಿಡೋದ್ರಲ್ಲಿ ಅವರಷ್ಟು ಧೈರ್ಯ ಇದ್ದವರು ಕಮ್ಮಿ.

ಒಂದು ಮಾತು, ಮನೇಲಿ ತಂಬೂರಿ ಶ್ರುತಿ ಇಟ್ಕೊಂಡು ಹೋಲಿಸಿ ನೋಡೋ ಅಭ್ಯಾಸ ಇದ್ರೆ ಹಳೇ ಎಲ್‌ಪಿ ತಟ್ಟೆ ತಗೋಬೇಡಿ. ಮಾರ್ಚ್ 2ರ ದಿನ ಮಾಸ್ಟರ್ ಟೇಪ್ ಮಷಿನ್ ಸ್ವಲ್ಪ ನಿಧಾನ ಓಡಿತ್ತು, ಹಾಗಾಗಿ ಸರಿಯಾದ ವೇಗದಲ್ಲಿ ಹಾಕ್ದಾಗ ಮೊದಲನೇ ಬದಿಯ ಮೂರು ಹಾಡೂ ಶ್ರುತಿ ಮೇಲೇರಿ ಕೇಳ್ಸೋದು. 1992ರ ಸಿಡಿಗೆ ಇನ್ನೊಂದು ಮಷಿನ್ನಿನ ಬ್ಯಾಕಪ್ ಟೇಪ್ ಬಳಸಿ ಸರಿ ಮಾಡಿದ್ರು.

ಅದಾದ್ಮೇಲೆ ಡೇವ್ ಬ್ರೂಬೆಕ್ ಗುಂಪಿನ 'ಟೇಕ್ ಫೈವ್', ಅದೂ 1959, ಅದೇ ಸ್ಟುಡಿಯೋ. ಬರೆದಿದ್ದು ಸ್ಯಾಕ್ಸೋಫೋನಿನ ಪಾಲ್ ಡೆಸ್ಮಂಡ್. ಐದು ಎಣಿಕೆ, ಆದ್ರೆ ನಮ್ಮ ಖಂಡ ಛಾಪು 2+3 ಆದ್ರೆ ಇದು 3+2. ಡ್ರಮ್ಸ್ ತನಿ ಬಂದಾಗ ಪಿಯಾನೋ ಎಡೆಬಿಡದೆ ಆ ಐದನ್ನೇ ನುಡಿಸ್ತಾ ಇರುತ್ತೆ, ತಾಳ ತಪ್ಪೋ ಭಯ ಇಲ್ಲ.

ಪ್ರಶ್ನೆ (ಓದುಗರು, ಮೈಸೂರು): ಹೆಡ್‌ಫೋನಲ್ಲಿ 50-60ರ ದಶಕದ ಜಾಝ್ ಹಾಕಿದ್ರೆ ಸ್ಯಾಕ್ಸೋಫೋನ್ ಎಡಗಿವಿಯಲ್ಲಿ ಮಾತ್ರ, ಡ್ರಮ್ಸ್ ಬಲಗಿವಿಯಲ್ಲಿ ಮಾತ್ರ. ತಲೆನೋವು ಬರುತ್ತೆ. ಹೆಡ್‌ಫೋನ್ ಹಾಳಾಗಿದ್ಯಾ?

ಉತ್ತರ: ಹೆಡ್‌ಫೋನ್ ಸರಿಯಾಗೇ ಇದೆ, ರೆಕಾರ್ಡಿಂಗೇ ಹಾಗೆ. ಸ್ಟೀರಿಯೋ ಎಲ್‌ಪಿ ಅಂಗಡಿಗೆ ಬಂದಿದ್ದು 1958ರಲ್ಲಿ, ಇವರನ್ನ ಈ ಕಡೆ ಅವರನ್ನ ಆ ಕಡೆ ಅಂತ ಪೂರ್ತಿ ಬೇರೆ ಮಾಡಿ ಹಾಕೋದು ಆಗ ಮಾಮೂಲಿ. ಸ್ಪೀಕರಲ್ಲಿ ಇದು ತೊಂದ್ರೆ ಕೊಡಲ್ಲ, ಎಡ ಸ್ಪೀಕರ್ ಶಬ್ದ ಬಲಗಿವಿಗೂ ತಲುಪುತ್ತಲ್ಲ, ಹೆಡ್‌ಫೋನಲ್ಲಿ ಆ ಬೆರೆಯೋದು ಇಲ್ಲ. ಫೋನ್ ಸೆಟ್ಟಿಂಗ್ಸಲ್ಲಿ ಆಕ್ಸೆಸಿಬಿಲಿಟಿ ಒಳಗೆ 'ಮೊನೋ ಆಡಿಯೋ' ಅಂತ ಇರುತ್ತೆ, ಆನ್ ಮಾಡಿದ್ರೆ ಎರಡೂ ಕಿವಿಗೆ ಒಂದೇ ಶಬ್ದ ಬರುತ್ತೆ, ಕೂಡ್ಲೇ ನೆಮ್ಮದಿ. ಮೊನೋ ಅಂದ್ರೆ ಕೀಳು ಅಂದ್ಕೋಬೇಡಿ. ಬ್ಲೂ ನೋಟ್ ಕಂಪನಿಯ ಆಗಿನ ರೆಕಾರ್ಡುಗಳನ್ನ ಮಾಡಿದ ರೂಡಿ ವ್ಯಾನ್ ಗೆಲ್ಡರ್ ಹಗಲು ಕಣ್ಣು ಪರೀಕ್ಷೆ ಮಾಡೋ ಆಪ್ಟೋಮೆಟ್ರಿಸ್ಟ್, ನ್ಯೂಜೆರ್ಸಿಯ ಹ್ಯಾಕೆನ್ಸಾಕ್ ಊರಲ್ಲಿ ಅಪ್ಪ ಅಮ್ಮನ ಮನೆಯ ಹಾಲಲ್ಲೇ ಮೈಕ್ ಇಟ್ಟು ರೆಕಾರ್ಡ್ ಮಾಡ್ತಿದ್ರು, 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟೋ ತನಕ. ಆ ಹಾಲಿನ ಮೊನೋ ರೆಕಾರ್ಡಿಂಗಲ್ಲಿ ಸ್ಯಾಕ್ಸೋಫೋನಿನ ಒಳಗೆ ಗಾಳಿ ಹೋಗೋದೂ ಕೇಳ್ಸುತ್ತೆ.

ಪ್ರಶ್ನೆ (ಓದುಗರು, ಹುಬ್ಬಳ್ಳಿ): ನಮ್ಮ ಹಾಲ್ 12 ಬೈ 14 ಅಡಿ, ವಿಟ್ರಿಫೈಡ್ ಟೈಲ್ಸ್, ಗೋಡೆ ಖಾಲಿ. ಸಿನಿಮಾಕ್ಕೂ ಸಂಗೀತಕ್ಕೂ ಸೇರಿ 60 ಸಾವಿರ ಇಟ್ಟೀನಿ. ಸೌಂಡ್‌ಬಾರ್ ತಗೊಳ್ಳೋದೋ, 5.1 ಸೆಟ್ಟೋ, ಬರೇ ಎರಡು ಸ್ಪೀಕರ್ ಸಾಕೋ? ಅಂಗಡಿಯವರು ಸಾವಿರಾರು ವಾಟ್ ಅಂತ ಹೇಳ್ತಾರ್ರಿ.

ಉತ್ತರ: ಎರಡು ಸ್ಪೀಕರ್, ಒಂದು ಆಂಪ್ಲಿಫೈಯರ್. ಸಂಗೀತ ನಿಮಗೆ ಮುಖ್ಯ ಆಗಿದ್ರೆ ಇದರಲ್ಲಿ ಎರಡನೇ ಯೋಚ್ನೆನೇ ಬೇಡ. ಅದೇ ದುಡ್ಡಲ್ಲಿ ಐದು ಸ್ಪೀಕರ್ ಒಂದು ವೂಫರ್ ತಗೊಂಡ್ರೆ ಪ್ರತಿಯೊಂದಕ್ಕೂ ಹಂಚಿ ಹೋಗೋ ದುಡ್ಡು ಎಷ್ಟು ಅಂತ ಲೆಕ್ಕ ಹಾಕಿ ನೋಡಿ. ಅರ್ಧಕ್ಕಿಂತ ಜಾಸ್ತಿ ಸ್ಪೀಕರಿಗೆ ಹಾಕಿ, ಆಂಪ್ಲಿಫೈಯರಲ್ಲಿ ಎಚ್‌ಡಿಎಂಐ ಎಆರ್‌ಸಿ, ಅಂದ್ರೆ ಟಿವಿಯ ಶಬ್ದ ಒಳಗೆ ತರೋ ಕಿಂಡಿ, ಇರೋದು ನೋಡ್ಕೊಳ್ಳಿ, ಟಿವಿ ರಿಮೋಟಲ್ಲೇ ವಾಲ್ಯೂಮ್ ಮಾಡ್ಬಹುದು. ಟಿವಿಯ ಡಿಜಿಟಲ್ ಆಡಿಯೋ ಔಟ್‌ಪುಟ್ 'ಪಿಸಿಎಂ'ಗೆ ಇಡಿ, ಆಗ ಸಿನಿಮಾದ ನಡು ಚಾನೆಲ್ಲಿನ ಡೈಲಾಗು ಎರಡೂ ಸ್ಪೀಕರಿಗೆ ಸೇರಿ ಬರುತ್ತೆ.

ವಾಟ್ ಬಗ್ಗೆ ಹೇಳ್ತೀನಿ. ಡಬ್ಬದ ಮೇಲಿನ ಪಿಎಂಪಿಒ ಅನ್ನೋ ಸಂಖ್ಯೆಗೆ ಬೆಲೆ ಇಲ್ಲ, ಆರ್‌ಎಂಎಸ್, ಅಂದ್ರೆ ಎಡೆಬಿಡದೆ ಕೊಡಬಲ್ಲ ವಾಟ್, ಎಷ್ಟು ಕೇಳಿ. ವಾಟ್ ಎರಡರಷ್ಟು ಮಾಡಿದ್ರೆ ಹೆಚ್ಚಾಗೋದು ಬರೀ 3 ಡೆಸಿಬಲ್, ಕಿವಿಗೆ ಅದು ಒಂಚೂರು ಜೋರು ಅನ್ಸುತ್ತೆ, ಅಷ್ಟೇ. ನಿಮ್ಮ ಹಾಲಿಗೆ 40-50 ವಾಟ್ ಧಾರಾಳ.

ಈಗ ದುಡ್ಡಿಲ್ಲದೆ ಆಗೋ ಕೆಲಸ, ಇದನ್ನ ದಯವಿಟ್ಟು ಮಾಡಿ. ಹಾಲಿನ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಟ್ರಿಣ್ ಅಂತ ಬಾಲ ಬಂತಾ? ಟೈಲ್ಸು, ಖಾಲಿ ಗೋಡೆ, ಗಾಜಿನ ಕಿಟಕಿ ಇದ್ರೆ ಬಂದೇ ಬರುತ್ತೆ. ಆ ಬಾಲ ಇರೋ ತನಕ ಲಕ್ಷ ರೂಪಾಯಿ ಸ್ಪೀಕರ್ ತಂದ್ರೂ ಡ್ರಮ್ಮಿನ ಸಿಂಬಲ್ ಚುಚ್ಚುತ್ತೆ, ಡೈಲಾಗ್ ತಿಳಿಯಲ್ಲ. ನಿಮಗೆ ನವಲಗುಂದ ಹತ್ತಿರಾನೇ ಇದೆ, ಒಂದು ದಪ್ಪ ಜಮಖಾನ ತಂದು ಸ್ಪೀಕರಿಗೂ ಕೂರೋ ಜಾಗಕ್ಕೂ ಮಧ್ಯ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ, ಹಿಂದಿನ ಗೋಡೆಗೆ ಪುಸ್ತಕದ ಶೆಲ್ಫ್ ಸರಿಸಿ. ಆಮೇಲೆ ಸ್ಪೀಕರ್‌ಗಳನ್ನ ಶೋಕೇಸ್ ಒಳಗಿಂದ ಹೊರಗೆ ತನ್ನಿ. ಮೂಲೆಗೆ ತಳ್ಳಿದ್ರೆ ಬೇಸ್ ಊದ್ಕೊಂಡು ಗುಂಯ್ ಅನ್ನುತ್ತೆ, ಗೋಡೆಯಿಂದ ಒಂದು ಒಂದೂವರೆ ಅಡಿ ಮುಂದೆ ಇರಲಿ. ಎರಡರ ನಡುವಿನ ದೂರ ಎಷ್ಟೋ ಅಲ್ಲಿಂದ ನಿಮ್ಮ ಕುರ್ಚಿಗೂ ಅಷ್ಟೇ ದೂರ, ಚಿಕ್ಕ ಸ್ಪೀಕರ್ ಅಂದ್ರೆ ಟ್ವೀಟರ್ ಕೂತಾಗ ಕಿವಿ ಮಟ್ಟಕ್ಕೆ, ಮುಖ ಸ್ವಲ್ಪ ನಿಮ್ಮ ಕಡೆ ತಿರುಗಿರಲಿ. ಇಷ್ಟಾದ್ರೆ ಎರಡೇ ಸ್ಪೀಕರ್ ಇದ್ರೂ ಡೈಲಾಗ್ ಟಿವಿಯ ಒಳಗಿಂದಾನೇ ಬರುತ್ತೆ.

ಸರಿಯಾಯ್ತಾ ಅಂತ ನೋಡೋಕೆ ಬಿಲ್ ಇವಾನ್ಸ್ ಮೂವರ ಗುಂಪು 1961ರ ಜೂನ್ 25ಕ್ಕೆ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಲ್ಲಿ ನುಡಿಸಿದ್ದನ್ನ ಹಾಕಿ. ನೆಲಮಾಳಿಗೆಯ ಸಣ್ಣ ಜಾಗ, ಜನ ಮಾತಾಡ್ತಾರೆ, ಗ್ಲಾಸು ಗಲಗಲ ಅನ್ನುತ್ತೆ. ಆ ಗ್ಲಾಸು ವಾದ್ಯಗಳ ಆಚೆ ಎಲ್ಲೋ ಬೇರೆ ಜಾಗದಲ್ಲಿ ಕೇಳ್ಸಿದ್ರೆ ನಿಮ್ಮ ಸ್ಪೀಕರ್ ಸರಿಯಾದ ಕಡೆ ಕೂತಿದೆ. ಬೇಸ್ ನುಡಿಸಿದ ಸ್ಕಾಟ್ ಲಫಾರೊ ಇದಾಗಿ ಹನ್ನೊಂದು ದಿನಕ್ಕೆ ಕಾರ್ ಆಕ್ಸಿಡೆಂಟಲ್ಲಿ ತೀರಿಹೋದ್ರು, ವಯಸ್ಸು ಬರೀ 25. ಅವರ ಬೆರಳು ತಂತಿ ಮೇಲೆ ಜಾರೋದು ನಿಮಗೆ ಕೇಳ್ಸಬೇಕು ಅನ್ನೋದೇ ನನ್ನ ಆಸೆ, ಅದಕ್ಕೇ ಇಷ್ಟುದ್ದ ಬರೆದೆ.

ಪ್ರಶ್ನೆ (ಓದುಗರು, ಬೆಂಗಳೂರು): ಹೊಸ ಟಿವಿಯಲ್ಲಿ ಹಳೇ ಸಿನಿಮಾಗಳು ಸೀರಿಯಲ್ ಥರ ಕಾಣ್ತವೆ, ತುಟಿಗೂ ಮಾತಿಗೂ ಒಂಚೂರು ಹೊಂದಿಕೆ ಇಲ್ಲ. ಜಾಝ್ ಇರೋ ಒಳ್ಳೆ ಸಿನಿಮಾ ಕೂಡ ಹೇಳಿ, ಮೇಡಂಗೆ ತೋರಿಸ್ಬೇಕು, ಅಂದ್ರೆ ನಮ್ಮ ಮನೆಯವರಿಗೆ.

ಉತ್ತರ: ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಟಿವಿ ಮಧ್ಯೆ ತಾನೇ ಫ್ರೇಮ್ ಹುಟ್ಟಿಸಿ ತುರುಕುತ್ತೆ, ಅದಕ್ಕೇ ಆ ಸೀರಿಯಲ್ ಕಳೆ. ಪಿಕ್ಚರ್ ಸೆಟ್ಟಿಂಗ್ಸಲ್ಲಿ ಮೋಷನ್ ಅಂತಲೋ ಸ್ಮೂತ್ ಅಂತಲೋ ಏನಿದ್ರೂ ಆಫ್ ಮಾಡಿ, 'ಫಿಲ್ಮ್‌ಮೇಕರ್ ಮೋಡ್' ಇದ್ರೆ ಅದೊಂದೇ ಸಾಕು. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದ್ರೆ ಜೂಮ್ ಮಾಡ್ಬೇಡಿ, ಛಾಯಾಗ್ರಾಹಕರು ಕಟ್ಟಿದ ಚೌಕಟ್ಟಿನ ಎರಡೂ ತುದಿ ಕತ್ತರಿಸಿದ ಹಾಗಾಗುತ್ತೆ. ತುಟಿಗೆ ಮಾತು ಹೊಂದಿಸೋಕೆ ಟಿವಿಯಲ್ಲೋ ಆಂಪ್ಲಿಫೈಯರಲ್ಲೋ 'ಲಿಪ್ ಸಿಂಕ್' ಅಥವಾ 'ಆಡಿಯೋ ಡಿಲೇ' ಇರುತ್ತೆ, ಸ್ವಲ್ಪ ಸ್ವಲ್ಪನೇ ಬದಲಾಯಿಸಿ.

ಸಿನಿಮಾ ಅಂದ್ರೆ ಮೊದಲು ಬರ್ಟ್ರಾಂಡ್ ಟವರ್ನಿಯೆ ಅವರ 'ರೌಂಡ್ ಮಿಡ್‌ನೈಟ್', 1986. ನಾಯಕನ ಪಾತ್ರ ಮಾಡಿದ್ದು ನಟ ಅಲ್ಲ, ನಿಜವಾದ ಸ್ಯಾಕ್ಸೋಫೋನ್ ವಾದಕ ಡೆಕ್ಸ್‌ಟರ್ ಗಾರ್ಡನ್, ಅದಕ್ಕೆ ಆಸ್ಕರ್ ನಾಮಿನೇಷನ್ ಬಂತು, ಸಂಗೀತಕ್ಕೆ ಹರ್ಬಿ ಹ್ಯಾನ್‌ಕಾಕ್ ಆಸ್ಕರನ್ನೇ ಗೆದ್ರು. ಸೆಟ್ಟಲ್ಲಿ ಶೂಟಿಂಗ್ ನಡೀತಿರುವಾಗ್ಲೇ ಸಂಗೀತ ರೆಕಾರ್ಡ್ ಮಾಡಿದ್ದು, ಹಾಗಾಗಿ ಬೆರಳು, ಉಸಿರು, ಸ್ವರ ಮೂರೂ ಒಂದೇ, ನಿಮ್ಮ ಲಿಪ್ ಸಿಂಕ್ ಸರಿ ಇದ್ಯಾ ಅಂತ ನೋಡೋಕೂ ಇದೇ ಒಳ್ಳೇದು. ಇನ್ನೊಂದು ಲೂಯಿ ಮಾಲ್ ಅವರ ಮೊದಲ ಕಾಲದ ಕಪ್ಪುಬಿಳುಪು ಫ್ರೆಂಚ್ ಸಿನಿಮಾ 'ಎಲಿವೇಟರ್ ಟು ದ ಗ್ಯಾಲೋಸ್'. ಮೈಲ್ಸ್ ಡೇವಿಸ್ 1957ರ ಡಿಸೆಂಬರಲ್ಲಿ ಪ್ಯಾರಿಸ್ಸಲ್ಲಿ ಒಂದು ರಾತ್ರಿ ದೃಶ್ಯಗಳನ್ನ ಪರದೆ ಮೇಲೆ ನೋಡ್ತಾ ನೋಡ್ತಾ ಆಶುವಾಗಿ ನುಡಿಸಿದ ಸಂಗೀತ ಅದು. ನಾಯಕಿ ರಾತ್ರಿ ಬೀದಿ ಅಲೆಯೋ ಭಾಗಕ್ಕೆ ದೀಪ ಆರಿಸಿ ಕೂತ್ಕೊಳ್ಳಿ.

ಪ್ರಶ್ನೆ (ಓದುಗರು, ಸ್ಯಾನ್ ಹೋಸೆ): ಜಾಝಿಗೂ ನಮ್ಮೂರಿಗೂ ಏನಾದ್ರೂ ನಿಜವಾದ ನಂಟು ಇದ್ಯಾ? ಇಲ್ಲಿ ಮಗಳು ಸ್ಕೂಲಲ್ಲಿ ಸ್ಯಾಕ್ಸ್ ಕಲೀತಿದಾಳೆ.

ಉತ್ತರ: ಇದೆ, ಗಟ್ಟಿ ನಂಟೇ ಇದೆ. ಮಗಳಿಗೆ ಮೊದಲು ಕದ್ರಿ ಗೋಪಾಲನಾಥ್ ಅವರನ್ನ ಕೇಳ್ಸಿ. ಮಂಗಳೂರು ಕಡೆಯವರು, ನಾಗಸ್ವರದ ಮನೆತನ, ಮೈಸೂರು ಅರಮನೆಯ ಬ್ಯಾಂಡಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು ಅದರಲ್ಲೇ ಗಮಕ ತೆಗೆದ ಪುಣ್ಯಾತ್ಮ. ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಂತಪ್ಪ ಜೊತೆ ಅವರು ಮಾಡಿದ 'ಕಿನ್ಸ್‌ಮೆನ್' 2008ರಲ್ಲಿ ಬಂತು, ಇಬ್ಬರದ್ದೂ ಆಲ್ಟೋ ಸ್ಯಾಕ್ಸೋಫೋನೇ, ವಯಲಿನ್ ಎ. ಕನ್ಯಾಕುಮಾರಿ. ಯಾವುದು ಕದ್ರಿಯವರದ್ದು ಯಾವುದು ರುದ್ರೇಶ್ ಅವರದ್ದು ಅಂತ ಮಗಳೇ ಗುರುತಿಸಲಿ, ಒಳ್ಳೇ ಪಾಠ. ಇದಕ್ಕೂ ಹಿಂದೆ 1983ರಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ 'ಜ್ಯೋತಿ' ಅಂತ ಆಲ್ಬಂ ಮಾಡಿದ್ರು, ಜರ್ಮನಿಯ ಇಸಿಎಂ ಕಂಪನಿ ತಂದಿದ್ದು. ಹಾಡಿರೋದು ಆರ್.ಎ. ರಮಾಮಣಿ, ಮೃದಂಗ ಟಿ.ಎ.ಎಸ್. ಮಣಿ. ಇಷ್ಟು ಒಳ್ಳೆ ಕೆಲಸ ನಮ್ಮವರೇ ಜಾಸ್ತಿ ಕೇಳಿಲ್ಲ ಅನ್ನೋದು ನನಗೆ ಬಹಳ ಬೇಜಾರಿನ ವಿಷಯ.

ಪ್ರಶ್ನೆ (ಓದುಗರು, ಉಡುಪಿ): ಅಜ್ಜನ ಪೆಟ್ಟಿಗೆಯಲ್ಲಿ 78 ಆರ್‌ಪಿಎಂ ತಟ್ಟೆಗಳು, ಕೆಲವು ಎಲ್‌ಪಿ ಸಿಕ್ಕಿವೆ, ಬೂಸ್ಟು ಹಿಡಿದಿದೆ. ಹೊಸ ಟರ್ನ್‌ಟೇಬಲ್ ತಗೊಂಡೆ, ಆಂಪ್ಲಿಫೈಯರಿಗೆ ಕೊಟ್ರೆ ಶಬ್ದ ತೀರಾ ಸಣ್ಣ, ಬೇಸ್ ಇಲ್ವೇ ಇಲ್ಲ. ತಟ್ಟೆಯನ್ನ ಸ್ಪಿರಿಟ್‌ನಲ್ಲಿ ಒರೆಸ್ಬಹುದಾ?

ಉತ್ತರ: ಸ್ಪಿರಿಟ್ ಮುಟ್ಟಿಸ್ಲೇಬೇಡಿ! 78 ತಟ್ಟೆ ಅರಗಿನದ್ದು, ಸ್ಪಿರಿಟ್ ತಾಗಿದ್ರೆ ಕರಗುತ್ತೆ. ಡಿಸ್ಟಿಲ್ಡ್ ವಾಟರ್, ಮೆತ್ತಗಿನ ಬಟ್ಟೆ, ಗೆರೆ ಹೋದ ದಿಕ್ಕಲ್ಲೇ ಒರೆಸಿ, ಲೇಬಲ್ ಒದ್ದೆ ಆಗ್ಬಾರ್ದು, ಪೂರ್ತಿ ಒಣಗಿದ ಮೇಲೆ ಹಾಕಿ. ಶಬ್ದ ಸಣ್ಣ ಅಂದ್ರೆ ಮಧ್ಯೆ ಫೋನೋ ಪ್ರೀಆಂಪ್ ಇಲ್ಲ ಅಂತ ಅರ್ಥ. ಸೂಜಿ ಕೂತಿರೋ ಕಾರ್ಟ್ರಿಡ್ಜಿಂದ ಬರೋದು ಕೆಲವೇ ಮಿಲಿವೋಲ್ಟ್, ಸಿಡಿ ಪ್ಲೇಯರಿಂದ 2 ವೋಲ್ಟ್ ಬರುತ್ತೆ, ಅಲ್ಲದೆ ಎಲ್‌ಪಿ ಕೊರೆಯುವಾಗ ಬೇಸ್ ತಗ್ಗಿಸಿ ಕೊರೆದಿರ್ತಾರೆ, ಅದನ್ನ ವಾಪಸ್ ಏರಿಸೋದೂ ಆ ಪ್ರೀಆಂಪೇ. ಟರ್ನ್‌ಟೇಬಲ್ ಹಿಂದೆ 'ಫೋನೋ/ಲೈನ್' ಸ್ವಿಚ್ ಇದ್ರೆ ಲೈನಿಗೆ ಹಾಕಿ ನೋಡಿ, ದುಡ್ಡು ಉಳೀಬಹುದು.

78ಕ್ಕೆ ಸೂಜಿ ಬೇರೆ ಬೇಕು. ಎಲ್‌ಪಿ ಸೂಜಿಯ ತುದಿ ಸುಮಾರು 18 ಮೈಕ್ರಾನ್, 78ರದ್ದು 75ರ ಆಸುಪಾಸು. ಎಲ್‌ಪಿ ಸೂಜಿಯಲ್ಲಿ ಹಾಕಿದ್ರೆ ಅದು ಗೆರೆಯ ತಳದಲ್ಲಿ ಕಸ ಕೆರ್ಕೊಂಡು ಹೋಗುತ್ತೆ, ಬರೀ ಸರಸರ ಸದ್ದು. ಮಳೆಗಾಲದಲ್ಲಿ ತಟ್ಟೆಗಳನ್ನ ನಿಲ್ಲಿಸಿಯೇ ಇಡಿ, ಒಂದರ ಮೇಲೊಂದು ಪೇರಿಸ್ಬೇಡಿ, ಹಳೇ ಕಾಗದದ ಕವರಲ್ಲೇ ಬೂಸ್ಟು ಇರುತ್ತೆ, ಅದನ್ನ ಬದಲಾಯಿಸಿ. 78ಗಳ ಲೇಬಲ್ ಮೇಲೆ ಕಂಪನಿ, ಹಾಡಿದವರು, ನಂಬರ್ ಏನಿದೆ ಅಂತ ಬರೆದು ಕಳಿಸಿ, ಯಾವುದನ್ನ ಮೊದಲು ಡಿಜಿಟಲ್ ಮಾಡಿಸ್ಬೇಕು ಅಂತ ಮುಂದಿನ ಸಂಚಿಕೇಲಿ ಹೇಳ್ತೀನಿ.