ಕಾಸರಗೋಡಿನವರಿಗೆ ಢಾಕಾದ ಫೆಬ್ರವರಿ 21 ಯಾಕೆ?

ಬಾಂಗ್ಲಾದೇಶದ ಹುತಾತ್ಮರ ದಿನಕ್ಕೂ ಕಾಸರಗೋಡಿನ ಕನ್ನಡಿಗರಿಗೂ ಏನು ಸಂಬಂಧ ಅಂತ ಕೇಳಿದ್ದೀರಿ. ಕೇಳಿದ್ದು ಒಳ್ಳೆಯದೇ ಆಯಿತು.

ಈಗಿನ ಬಾಂಗ್ಲಾದೇಶ ಮೊದಲು ಪಾಕಿಸ್ತಾನದ ಪೂರ್ವ ಭಾಗವಾಗಿತ್ತು. 1947ರಲ್ಲಿ ಪಾಕಿಸ್ತಾನ ಹುಟ್ಟಿದಾಗ ಅಲ್ಲಿನ ಅರ್ಧಕ್ಕಿಂತ ಜಾಸ್ತಿ ಜನರ ಮನೆಮಾತು ಬಂಗಾಳಿ. ಆದರೆ ಸರ್ಕಾರದ ಹೊಸ ಅಂಚೆಚೀಟಿಯಲ್ಲಿ ಬಂಗಾಳಿ ಇರಲಿಲ್ಲ. 1948ರ ಫೆಬ್ರವರಿಯಲ್ಲಿ ಪೂರ್ವ ಬಂಗಾಳದ ಸದಸ್ಯ ಧೀರೇಂದ್ರನಾಥ ದತ್ತ ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿ ಎದ್ದು, ಇಂಗ್ಲಿಷ್ ಮತ್ತು ಉರ್ದು ಜೊತೆ ಬಂಗಾಳಿಗೂ ಜಾಗ ಕೊಡಿ ಎಂದರು. ಸಭೆ ಒಪ್ಪಲಿಲ್ಲ. ಮುಂದಿನ ತಿಂಗಳೇ ಜಿನ್ನಾ ಢಾಕಾಕ್ಕೆ ಬಂದು, ಇಡೀ ದೇಶಕ್ಕೆ ಉರ್ದು ಒಂದೇ ರಾಜ್ಯಭಾಷೆ ಎಂದು ಸಾರಿದರು.

1952ರ ಫೆಬ್ರವರಿ 21ರಂದು ಢಾಕಾ ವಿಶ್ವವಿದ್ಯಾಲಯದ ಮಕ್ಕಳು ನಿಷೇಧಾಜ್ಞೆ ಮುರಿದು ಹೊರಟರು. ವೈದ್ಯಕೀಯ ಕಾಲೇಜಿನ ಹತ್ತಿರ ಪೊಲೀಸರು ಗುಂಡು ಹಾರಿಸಿದರು. ಬರ್ಕತ್, ರಫೀಕ್, ಜಬ್ಬಾರ್ ಸತ್ತರು. ಗುಂಡೇಟು ತಿಂದ ಸಲಾಂ ಏಪ್ರಿಲ್‌ನಲ್ಲಿ ತೀರಿಕೊಂಡರು. ಫೆಬ್ರವರಿ 22ರಂದು ಸತ್ತ ಶಫಿಯುರ್ ಹೈಕೋರ್ಟಿನ ನೌಕರ. ವಿದ್ಯಾರ್ಥಿಗಳು ರಾತ್ರೋರಾತ್ರಿ ಒಂದು ಸ್ಮಾರಕ ಕಟ್ಟಿದರು, ಪೊಲೀಸರು ಅದನ್ನು ಕೆಲವೇ ದಿನಗಳಲ್ಲಿ ಕೆಡವಿದರು. ಈಗ ಅಲ್ಲಿ ಶಹೀದ್ ಮಿನಾರ್ ಇದೆ. ಪ್ರತಿ ವರ್ಷ ಜನ ಬರಿಗಾಲಲ್ಲಿ ಹೂವು ಹಿಡಿದು ಹೋಗುತ್ತಾರೆ. ಯುನೆಸ್ಕೊ 1999ರಲ್ಲಿ ಇದೇ ದಿನವನ್ನು ವಿಶ್ವ ಮಾತೃಭಾಷಾ ದಿನ ಎಂದು ಘೋಷಿಸಿತು.

ನನಗೆ ಮುಖ್ಯ ಅನಿಸುವುದು ಢಾಕಾದ ಆ ವಿದ್ಯಾರ್ಥಿಗಳು ಕೇಳಿದ್ದೇನು ಅನ್ನುವುದು. ಉರ್ದು ಇರಲಿ, ಬಂಗಾಳಿಯೂ ರಾಜ್ಯಭಾಷೆ ಆಗಲಿ ಎಂದರು. 1956ರ ಸಂವಿಧಾನ ಎರಡನ್ನೂ ಒಪ್ಪಿತು.

ಅದೇ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಇಲ್ಲಿ ಎಷ್ಟೋ ಮನೆಗಳಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಮಲಯಾಳದ ಮೇಲೆ ನಮಗೆ ಸಿಟ್ಟಿಲ್ಲ. ನೆರೆಮನೆಯವರ ಮಾತು ಅದು, ನಮ್ಮ ಮಕ್ಕಳೂ ಕಲಿಯುತ್ತಾರೆ. ಢಾಕಾದವರ ಹಾಗೆ ನಾವು ರಕ್ತ ಸುರಿಸಿಲ್ಲ, ಹೋಲಿಸುವುದೂ ಸರಿಯಲ್ಲ. ಆದರೆ ಅವರ ಬೇಡಿಕೆ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ಕಳಿಸಿದಾಗ ಇಲ್ಲಿನ ತಂದೆ ತಾಯಂದಿರು ಶಾಲೆಯ ಎದುರು ಕೂತಿದ್ದಾರೆ. ಲೆಕ್ಕ ಅರ್ಥವಾಗದೆ ಮಗು ಸುಮ್ನೆ ಕೂತರೆ ಅದು ದಡ್ಡ ಅಂತ ಆಗುತ್ತದೆ, ಅಲ್ವಾ? ಸರ್ಕಾರಿ ಅರ್ಜಿ ಕನ್ನಡದಲ್ಲೂ ಸಿಗಲಿ, ಪಾಠ ಮಾಡುವವರಿಗೆ ಕನ್ನಡ ಬರಲಿ. ನಾವು ಕೇಳುತ್ತಿರುವುದು ಇಷ್ಟನ್ನೇ.