ಕನ್ನಡ ಮಾಧ್ಯಮದಲ್ಲಿ ಓದಿದವರು ಸ್ಪೀಚ್ ಥೆರಪಿ ಡಿಗ್ರಿ ಸೇರಬಹುದಾ? ತುಂಬಾ ಕಷ್ಟ ಆಗುತ್ತಾ?

ಖಂಡಿತ ಸೇರಬಹುದು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಪಿಯುಸಿಯಲ್ಲಿ ಸೈನ್ಸ್, ಮೆಡಿಕಲ್ ಸೀಟು ಸಿಗಲಿಲ್ಲ, ಚಿಕ್ಕಪ್ಪ ಬಿಎಎಸ್‌ಎಲ್‌ಪಿ (ಬ್ಯಾಚುಲರ್ ಆಫ್ ಆಡಿಯಾಲಜಿ ಅಂಡ್ ಸ್ಪೀಚ್-ಲ್ಯಾಂಗ್ವೇಜ್ ಪೆಥಾಲಜಿ, ಅಂದರೆ ಇದೇ ಸ್ಪೀಚ್ ಥೆರಪಿ ಡಿಗ್ರಿ) ಓದು ಅಂದರು, ಆದರೆ ಇಂಗ್ಲಿಷ್ ಭಯ ಅಂತ ಬರೆದಿದ್ದೀರಿ. ನಾನೂ ಹಾಸನದ ಕಡೆಯ ಕನ್ನಡ ಶಾಲೆಯಿಂದ ಮೈಸೂರಿಗೆ ಬಂದು ಇದನ್ನೇ ಓದಿದವಳು. ಈಗ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಯಾವುದನ್ನು ನೀವು ಕೊರತೆ ಅಂದುಕೊಂಡಿದ್ದೀರೋ ಅದೇ ಈ ಕೆಲಸದಲ್ಲಿ ದೊಡ್ಡ ಬಲ.

ಮೊದಲು ಕೋರ್ಸ್ ಬಗ್ಗೆ. ಒಟ್ಟು 4 ವರ್ಷ: ಮೂರು ವರ್ಷ ಪಾಠ ಮತ್ತು ಕ್ಲಿನಿಕ್, ಕೊನೆಯ ವರ್ಷ ಇಂಟರ್ನ್‌ಶಿಪ್. ಹೆಸರಿನಲ್ಲಿ ಆಡಿಯಾಲಜಿಯೂ ಇದೆ ಅನ್ನೋದು ಮರೆಯಬೇಡಿ. ಅರ್ಧ ಓದು ಮಾತಿನದ್ದಾದರೆ ಇನ್ನರ್ಧ ಕಿವಿಯದ್ದು. ಆಡಿಯೋಮೆಟ್ರಿ (ಎಷ್ಟು ಸಣ್ಣ ಶಬ್ದ ಕೇಳಿಸುತ್ತದೆ ಅಂತ ಅಳೆಯುವುದು), ಬೇರಾ ಪರೀಕ್ಷೆ (ಶಬ್ದಕ್ಕೆ ಕಿವಿಯ ನರ, ಮೆದುಳು ಸ್ಪಂದಿಸುತ್ತವಾ ಅಂತ ನೋಡುವುದು), ಹಿಯರಿಂಗ್ ಏಡ್ ಹೊಂದಿಸುವುದು ಎಲ್ಲವನ್ನೂ ಕಲಿಯಬೇಕು. ಮಾತು ಬರದ ಮಗು ಬಂದರೆ ನಾವು ಮೊದಲು ನೋಡುವುದೇ ಕಿವಿ ಕೇಳುತ್ತದಾ ಅಂತ.

ಮೊದಲ ವರ್ಷ ಒತ್ತಡ ಇರುತ್ತದೆ, ಸುಳ್ಳು ಹೇಳಲ್ಲ. ಅನಾಟಮಿ, ಶಬ್ದದ ಫಿಸಿಕ್ಸ್, ಭಾಷಾವಿಜ್ಞಾನ, ಸೈಕಾಲಜಿ ಎಲ್ಲ ಒಟ್ಟಿಗೆ ಬರುತ್ತವೆ. ಪುಸ್ತಕ, ಪರೀಕ್ಷೆ ಎರಡೂ ಇಂಗ್ಲಿಷ್. ಆದರೆ ಅದು ಸಾಹಿತ್ಯದ ಇಂಗ್ಲಿಷ್ ಅಲ್ಲ. ಅದೇ ಪದಗಳು ಮತ್ತೆ ಮತ್ತೆ ಬರುತ್ತವೆ. ಎರಡನೇ ವರ್ಷದ ಹೊತ್ತಿಗೆ ರೂಢಿಯಾಗಿಬಿಡುತ್ತದೆ.

ಕ್ಲಿನಿಕ್‌ಗೆ ಕಾಲಿಟ್ಟ ಮೇಲೆ ಕಥೆಯೇ ಬೇರೆ. ಚಾಮರಾಜನಗರದ ಕಡೆಯ ಒಂದು ಮಗು ‘ಹಾಲು’ ಅನ್ನದೆ ‘ಆಲು’ ಅನ್ನುತ್ತದೆ ಅಂದುಕೊಳ್ಳಿ. ಪುಸ್ತಕ ನೋಡಿ ಬರೆಯುವವರು ‘ಹ’ ಅಕ್ಷರ ಬಿಟ್ಟುಹೋಗಿದೆ, ಉಚ್ಚಾರಣೆ ದೋಷ ಅಂತ ಬರೆದುಬಿಡಬಹುದು. ಆ ಸೀಮೆಯ ಮಾತು ಕೇಳಿ ಬೆಳೆದವರು ಮೊದಲು ಪಕ್ಕದಲ್ಲಿ ಕೂತ ಅಮ್ಮನ ಮಾತನ್ನು ಕೇಳಿಸಿಕೊಳ್ಳುತ್ತಾರೆ. ಅವರೂ ಹಾಲಿಗೆ ‘ಆಲು’, ಹಸುವಿಗೆ ‘ಅಸು’ ಅಂತಲೇ ಹೇಳುತ್ತಿದ್ದರೆ ಅದು ದೋಷ ಅಲ್ಲ, ಆ ಮನೆಯ ಕನ್ನಡ. ಇಲ್ಲದ ಕಾಯಿಲೆಗೆ ಥೆರಪಿ ಕೊಡುವುದು ತಪ್ಪುತ್ತದೆ. ಇದನ್ನು ಕಿವಿ ಗುರುತಿಸಬೇಕು, ಮತ್ತು ಆ ಕಿವಿ ನಿಮಗೆ ಆಗಲೇ ಇದೆ.

ಇನ್ನು ನಿಜವಾದ ದೋಷ ಹೇಗಿರುತ್ತದೆ ಅಂದರೆ, ನಾಲ್ಕೂವರೆ ಐದು ವರ್ಷದ ಮಗು ‘ಕ’ ಬರುವ ಕಡೆಯಲ್ಲೆಲ್ಲ ‘ತ’ ಅನ್ನುತ್ತದೆ. ಕಾಗೆ ‘ತಾಗೆ’ ಆಗುತ್ತದೆ. ಆಗ ನಾವು ಎರಡು ಚಿತ್ರದ ಕಾರ್ಡ್ ಇಡುತ್ತೇವೆ: ಒಂದರಲ್ಲಿ ಕಾಯಿ, ಇನ್ನೊಂದರಲ್ಲಿ ತಾಯಿ. ಮಗುವಿಗೆ ಬೇಕಾದದ್ದು ಕಾಯಿ, ಬಾಯಲ್ಲಿ ಬರುವುದು ‘ತಾಯಿ’. ನಾವು ತಾಯಿಯ ಕಾರ್ಡನ್ನೇ ಕೊಡುತ್ತೇವೆ. ಮಗು ಬೇಡ ಅಂತ ತಲೆ ಆಡಿಸುತ್ತದೆ, ಮತ್ತೆ ಹೇಳುತ್ತದೆ. ನಾನು ಹೇಳಿದ್ದು ಇವರಿಗೆ ಬೇರೆ ಥರ ಕೇಳಿಸ್ತಿದೆ ಅಂತ ಅದಕ್ಕೇ ಹೊಳೆಯುತ್ತದೆ. ಅಲ್ಲಿಂದ ನಾಲಿಗೆಯ ಹಿಂಭಾಗ ಎತ್ತುವುದನ್ನು ಕಲಿಸುವುದು ಸುಲಭ. ಇಂಥ ಜೋಡಿ ಪದಗಳನ್ನು ಇಂಗ್ಲಿಷ್ ಪುಸ್ತಕ ಕೊಡಲ್ಲ. ನಾವೇ ಕನ್ನಡದಿಂದ ಹುಡುಕಬೇಕು. ಕನ್ನಡಕ್ಕೆ ಅಂತಲೇ ಉಚ್ಚಾರಣೆ ಪರೀಕ್ಷೆಯೊಂದು 1972ರಲ್ಲೇ ಬಂದಿದೆ. ಆದರೂ ಇನ್ನೂ ಆಗಬೇಕಾದ ಕೆಲಸ ಬೇಕಾದಷ್ಟಿದೆ.

ದೊಡ್ಡವರ ವಿಷಯದಲ್ಲೂ ಹಾಗೇ. ಲಕ್ವ ಹೊಡೆದು ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಎಷ್ಟೋ ಜನರ ಮಾತು ನಿಂತುಹೋಗುತ್ತದೆ. ಹೆಸರು ಕೇಳಿದರೆ ಹೇಳಲು ಆಗಲ್ಲ. ಆದರೆ ‘ಸೋಮವಾರ, ಮಂಗಳವಾರ’ ಅಂತ ನಾವು ಶುರು ಮಾಡಿದರೆ ಕೆಲವರು ಭಾನುವಾರದವರೆಗೂ ಹೇಳಿ ಮುಗಿಸುತ್ತಾರೆ. ದಿನಾ ಹೇಳುತ್ತಿದ್ದ ಭಜನೆಯೂ ಬರುತ್ತದೆ. ಇದನ್ನು ನೋಡಿ ಮನೆಯವರು ‘ಬೇಕಂತಲೇ ನಮ್ಮ ಹತ್ರ ಮಾತಾಡ್ತಿಲ್ಲ’ ಅಂತ ನೊಂದುಕೊಳ್ಳುತ್ತಾರೆ. ಬಾಯಿಪಾಠವಾಗಿ ಬರುವ ಮಾತು ಬೇರೆ, ಯೋಚಿಸಿ ಆಡುವ ಮಾತು ಬೇರೆ ಅಂತ ಅವರಿಗೆ ಅವರ ಭಾಷೆಯಲ್ಲೇ ಬಿಡಿಸಿ ಹೇಳಬೇಕು. ಇಂಗ್ಲಿಷ್ ಪರೀಕ್ಷೆಗಳಲ್ಲಿ ಇಗ್ಲೂ (ಹಿಮದ ಮನೆ), ಪ್ರೆಟ್ಜೆಲ್ (ಹೊರದೇಶದ ಒಂದು ತಿಂಡಿ) ಚಿತ್ರ ತೋರಿಸಿ ಹೆಸರು ಕೇಳುತ್ತಾರೆ. ನಂಜನಗೂಡಿನ ಅಜ್ಜಿಗೆ ಚೊಂಬು, ಪೊರಕೆ, ಒನಕೆ ತೋರಿಸಬೇಕು ಅಲ್ವಾ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ನನಗೆ ಬಹಳ ಸಂಕಟ ಕೊಡುವ ವಿಷಯ ಇದು. ಮಾತು ತಡವಾದ ಮಗುವಿನ ಅಪ್ಪ ಅಮ್ಮನಿಗೆ ‘ಮನೆಯಲ್ಲಿ ಕನ್ನಡ ಬಿಡಿ, ಇಂಗ್ಲಿಷ್ ಮಾತ್ರ ಆಡಿ’ ಅಂತ ಸಲಹೆ ಕೊಡುವವರು ಇನ್ನೂ ಇದ್ದಾರೆ. ಎರಡು ಭಾಷೆ ಕೇಳಿದ್ದರಿಂದ ಮಾತಿನ ದೋಷ ಹುಟ್ಟಲ್ಲ. ಆದರೆ ಈ ಸಲಹೆ ಕೇಳಿದ ಮನೆಯಲ್ಲಿ ಅಜ್ಜಿ ಮೊಮ್ಮಗುವಿನ ಜೊತೆ ಮಾತಾಡುವುದನ್ನೇ ನಿಲ್ಲಿಸುತ್ತಾರೆ. ಮಗುವಿಗೆ ಸಿಗುವ ಮಾತು ಇನ್ನೂ ಕಡಿಮೆಯಾಗುತ್ತದೆ. ನಿಮ್ಮಂಥವರು ಈ ಕೆಲಸಕ್ಕೆ ಬರಬೇಕು ಅಂತ ನಾನು ಆಸೆ ಪಡುವುದು ಇದಕ್ಕೇ.

ಕಾಲೇಜು ವಿಷಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು, ಕೇಂದ್ರ ಆರೋಗ್ಯ ಸಚಿವಾಲಯದ ಕೆಳಗೆ ಬರುತ್ತದೆ. ನಾವು ‘ಆಯಿಷ್’ ಅನ್ನುತ್ತೇವೆ, ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸಾಕು. ಇಡೀ ದೇಶದಿಂದ ಅರ್ಜಿ ಬರುವುದರಿಂದ ಪೈಪೋಟಿ ಜಾಸ್ತಿ. ಮೈಸೂರಿನ ಜೆಎಸ್‌ಎಸ್, ಬೆಂಗಳೂರಿನ ಡಾ. ಎಸ್. ಆರ್. ಚಂದ್ರಶೇಖರ್ ಸಂಸ್ಥೆ, ಮಂಗಳೂರಿನ ಫಾದರ್ ಮುಲ್ಲರ್, ಮಣಿಪಾಲದಲ್ಲೂ ಈ ಕೋರ್ಸ್ ಇದೆ. ಖಾಸಗಿ ಕಾಲೇಜಿನ ಫೀಸು ಮೊದಲೇ ವಿಚಾರಿಸಿಕೊಳ್ಳಿ.

ಎಲ್ಲೇ ಸೇರಿದರೂ ಆ ಕಾಲೇಜಿನ ಈ ಕೋರ್ಸ್‌ಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇದೆಯಾ ಅಂತ ಕೌನ್ಸಿಲ್‌ನ ವೆಬ್‌ಸೈಟಲ್ಲೇ ನೋಡಿ. ಕಾಲೇಜಿನವರು ಬಾಯಲ್ಲಿ ಹೇಳಿದ್ದು ಸಾಲದು. ಡಿಗ್ರಿ ಮುಗಿದ ಮೇಲೆ ಅಲ್ಲಿ ನೋಂದಣಿ ಆಗಲೇಬೇಕು. ಈ ಕೌನ್ಸಿಲ್‌ನ 1992ರ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಡಿಎಚ್‌ಎಲ್‌ಎಸ್ (ಡಿಪ್ಲೊಮಾ ಇನ್ ಹಿಯರಿಂಗ್, ಲ್ಯಾಂಗ್ವೇಜ್ ಅಂಡ್ ಸ್ಪೀಚ್) ಅಂತ ಒಂದು ವರ್ಷದ ಡಿಪ್ಲೊಮಾ ಇದೆ, ಅದನ್ನೂ ಈ ಡಿಗ್ರಿಯನ್ನೂ ಒಂದೇ ಅಂದುಕೊಳ್ಳಬೇಡಿ.

ಶುರುವಿನಲ್ಲಿ ಸಂಬಳ ದೊಡ್ಡದಿರಲ್ಲ. ಮುಂದೆ ಎಂಎಸ್ಸಿ ಮಾಡಿದರೆ ಮಾತು ಅಥವಾ ಕಿವಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕೆಲಸ ಆಸ್ಪತ್ರೆ, ವಿಶೇಷ ಶಾಲೆ, ಹಿಯರಿಂಗ್ ಏಡ್ ಕಂಪನಿ, ಸ್ವಂತ ಕ್ಲಿನಿಕ್ ಹೀಗೆ ಹಲವು ಕಡೆ ಸಿಗುತ್ತದೆ. ತಾಳ್ಮೆ ಮಾತ್ರ ಬೇಕೇ ಬೇಕು. ಆಟಿಸಂ ಇರುವ ಮಗು ತಿಂಗಳುಗಟ್ಟಲೆ ಬಂದು, ಕೊನೆಗೊಂದು ದಿನ ಚೆಂಡು ಬೇಕು ಅಂತ ನಿಮ್ಮ ಮುಖ ನೋಡಿ ಕೈ ಚಾಚುತ್ತದೆ. ಮಾತು ಇನ್ನೂ ಬಂದಿರಲ್ಲ. ಅಷ್ಟಕ್ಕೇ ಖುಷಿ ಆಗುವ ಮನಸ್ಸಿದ್ದರೆ ಈ ಕೆಲಸ ನಿಮಗೆ ಒಗ್ಗುತ್ತದೆ.

ಈಗ ರಜೆಯಲ್ಲಿ ಇಂಗ್ಲಿಷ್ ಗ್ರಾಮರ್ ಪುಸ್ತಕ ಹಿಡಿದು ಕೂರಬೇಡಿ. ಪಿಯುಸಿ ಫಿಸಿಕ್ಸ್‌ನ ತರಂಗಗಳ ಪಾಠ, ಬಯಾಲಜಿಯ ಮೆದುಳು ಮತ್ತು ಉಸಿರಾಟದ ಪಾಠಗಳನ್ನು ಇನ್ನೊಮ್ಮೆ ಓದಿ. ಆ ಪುಸ್ತಕಗಳನ್ನು ಯಾರಿಗೂ ಕೊಟ್ಟುಬಿಡಬೇಡಿ, ಮೊದಲ ಸೆಮಿಸ್ಟರ್‌ನಲ್ಲಿ ಬೇಕಾಗುತ್ತವೆ.